ಫಕೀರವ್ವನ ದನಿಯೊಳಗಿನ ಬಿರುಕು

ನಮ್ಮೂರಿನಲ್ಲಿ ಬರಿ ಗಂಟಲಿನ ದನಿ ಯಾರಿಗೂ ಕೇಳಿಸುವುದಿಲ್ಲ. ಪಾತ್ರೆ ಬಿದ್ದರೆ ಕೇಳುತ್ತದೆ, ಕಾಗೆ ಕೂಗಿದರೆ ಕೇಳುತ್ತದೆ, ಪಕ್ಕದ ಮನೆಯವರು ಖಾರ ಕುಟ್ಟಿದರೆ ಮಧ್ಯಾಹ್ನದ ನಿದ್ದೆ ಕೆಡುವಷ್ಟು ಕೇಳುತ್ತದೆ. ಮನುಷ್ಯರ ಮಾತು ಮಾತ್ರ ಕೇಳಿಸದು, ಆಡಿದವರ ಕಿವಿಗೂ ಕೇಳಿಸದು. ಅದಕ್ಕೇ ನಾವೆಲ್ಲ ಕೊರಳಿಗೊಂದು ಪಟ್ಟಿ, ಸೊಂಟಕ್ಕೊಂದು ಪೆಟ್ಟಿಗೆ ಕಟ್ಟಿಕೊಂಡು ಬದುಕುವವರು. ಪಟ್ಟಿಯು ಗಂಟಲಿನ ಅದುರನ್ನು ಎಣಿಸಿ ಅಂಕಿ ಮಾಡುತ್ತದೆ, ಪೆಟ್ಟಿಗೆಯು ಆ ಅಂಕಿಗಳನ್ನು ಮತ್ತೆ ದನಿ ಮಾಡುತ್ತದೆ. ಹುಟ್ಟಿದ ಕೂಸಿಗೆ ಹನ್ನೆರಡನೆಯ ದಿನ ಸೋದರಮಾವ ಪೆಟ್ಟಿಗೆ ಕಟ್ಟಬೇಕು. ಗಂಡ ಹೆಂಡಿರ ಜಗಳ ಮಿತಿ ಮೀರಿದರೆ ಓಣಿಯ ಹಿರಿಯರು ಬಂದು ಇಬ್ಬರ ಪೆಟ್ಟಿಗೆಯ ಸೆಲ್ಲನ್ನೂ ಕಿತ್ತುಕೊಂಡು ಹೋಗುತ್ತಾರೆ, ಮರುದಿನ ಕೊಡುತ್ತಾರೆ. ಅಷ್ಟರಲ್ಲಿ ಅರ್ಧ ಜಗಳ ಮರೆತೇ ಹೋಗಿರುತ್ತದೆ.

ನಾನು ದೇವೇಂದ್ರಪ್ಪ. ನಲವತ್ತೊಂದು ವರ್ಷ ಈ ಪೆಟ್ಟಿಗೆಗಳನ್ನು ಹದ ಮಾಡಿದವನು. ನನ್ನ ಕೈ ತಾಗದ ದನಿ ಈ ಊರಲ್ಲಿ ಕಡಿಮೆ. ಹಾಗೆಂದು ಎದೆ ತಟ್ಟಿಕೊಂಡು ಹೇಳುತ್ತಿದ್ದ ಕಾಲವೂ ಒಂದಿತ್ತು, ಈಗ ಹೇಳುವುದಿಲ್ಲ. ನಮ್ಮ ಕಸುಬಿನಲ್ಲಿ ಗುರುವಿನಿಂದ ಶಿಷ್ಯನಿಗೆ ಬಂದ ಮಾತೊಂದಿದೆ: ತಪ್ಪು ಪೆಟ್ಟಿಗೆಯದು, ಗಂಟಲಿನದಲ್ಲ. ಅಂಗಡಿಗೆ ಬಂದವರ ಮುಖಕ್ಕೆ ಹೊಡೆದ ಹಾಗೆ 'ನಿಮ್ಮ ದನಿಯೇ ಒಡಕು' ಎನ್ನಬಾರದೆಂದು ಯಾರೋ ಮರ್ಯಾದಸ್ಥರು ಮಾಡಿದ ಮಾತು. ಹೇಳಿ ಹೇಳಿ ಅದು ಮರ್ಯಾದೆಯಾಗಿ ಉಳಿಯದೆ ನಂಬಿಕೆಯೇ ಆಗಿಬಿಟ್ಟಿತು. ನಾನು ಅದನ್ನು ನಂಬಿದ್ದೆ. ಕಸ್ತೂರಿಗೂ ಕಲಿಸಿದೆ.

ಕಸ್ತೂರಿ ಹತ್ತೊಂಬತ್ತರ ವಯಸ್ಸಿಗೆ ನಮ್ಮ ಅಂಗಡಿಗೆ ಬಂದವಳು. ಈಗ ಮೂವತ್ತು ದಾಟಿದೆ. ಗಂಡನ ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ. ಅವಳಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಆಗ ಹದಿಮೂರು ವರ್ಷದವಳಾಗಿದ್ದ ಅಕ್ಕ ಫಕೀರವ್ವ ತಲೆಯ ಮೇಲೆ ಸೊಪ್ಪು-ಪಲ್ಲೆಯ ಬುಟ್ಟಿ ಹೊತ್ತು, ಒಂದು ಕೈಯಲ್ಲಿ ತಂಗಿಯನ್ನು ಹಿಡಿದು ಸಂತೆಗೆ ಬಂದು ಕೂತವಳು ಅಲ್ಲಿಯೇ ಮುದುಕಿಯಾಗುವ ಹಾದಿ ಹಿಡಿದಳು. ಲಗ್ನ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ, ನನಗಾಗಲೇ ಒಂದು ಮಗಳಿದ್ದಾಳೆ, ಯಾರು ಮಾಡಿಕೊಂಡಾರು ಎಂದು ನಗುತ್ತಿದ್ದಳು. ಪುಂಡಿಪಲ್ಲೆ, ಮೆಂತೆಪಲ್ಲೆ, ರಾಜಗಿರಿ ಎಂದು ಅವಳು ಕೂಗಿದರೆ ಸಂತೆಯ ಆ ತುದಿಯವರೆಗೂ ಕೇಳುತ್ತಿತ್ತು. ಜನ ಪಲ್ಲೆ ನೋಡಿ ಬರುತ್ತಿರಲಿಲ್ಲ, ಆ ಕೂಗಿಗೆ ಬರುತ್ತಿದ್ದರು. ಕಸ್ತೂರಿಗೆ ತವರು ಅಂದರೆ ಆ ದನಿ ಒಂದೇ.

ಯುಗಾದಿ ಕಳೆದು ಹದಿನೈದು ದಿನವಾಗಿರಬೇಕು. ಫಕೀರವ್ವ ಅಂಗಡಿಗೆ ಬಂದು, ಜೋರಾಗಿ ಕೂಗಿದರೆ ಏನೂ ಇಲ್ಲ, ಮೆಲ್ಲಗೆ ಮಾತಾಡಿದರೆ ಮಾತಿನ ನಡುವೆ ಚಟ್ ಎನ್ನುತ್ತದೆ ಎಂದಳು. ನಾವಿಬ್ಬರೂ ಕಿವಿ ಕೊಟ್ಟು ಕೇಳಿದೆವು. ಹೌದು, ದನಿಯಲ್ಲೊಂದು ಬಿರುಕಿತ್ತು, ಒಣಗಿದ ಕಡ್ಡಿ ಮುರಿದಷ್ಟು ಸಣ್ಣದು. ಕಸ್ತೂರಿ ನನ್ನ ಮುಖ ನೋಡಿ ನಕ್ಕಳು, ನಾನೂ ನಕ್ಕೆ. ಇಷ್ಟು ಬಿಡಿಸಿಟ್ಟ ಹಾಗೆ ಬರುವ ರೋಗ ನಮಗೆ ದಿನಾ ಸಿಗುವುದಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೆಟ್ಟಿಗೆಯ ಒಳಗೆ ಅಂಕಿಯನ್ನು ದನಿ ಮಾಡುವುದೆಂದರೆ ತಕ್ಕಡಿಗೆ ಕಲ್ಲು ಹಾಕುವ ಕೆಲಸವೇ. ಒಂದರ ಕಲ್ಲು, ಎರಡರ ಕಲ್ಲು, ನಾಲ್ಕರದು, ಎಂಟರದು, ಹೀಗೆ ದುಪ್ಪಟ್ಟು ದುಪ್ಪಟ್ಟು ಇಟ್ಟಿರುತ್ತೇವೆ. ಏಳು ಬೇಕಾದರೆ ಒಂದು, ಎರಡು, ನಾಲ್ಕು ಹಾಕಿದರಾಯಿತು. ಮುಂದಿನ ಗಳಿಗೆಗೆ ಎಂಟು ಬೇಕೆಂದರೆ ಆ ಮೂರನ್ನೂ ತೆಗೆದು ಎಂಟರ ಕಲ್ಲು ಹಾಕಬೇಕು. ತೆಗೆಯುವ ಕೈ, ಹಾಕುವ ಕೈ ಒಂದೇ ಸಲಕ್ಕೆ ಆಡದಿದ್ದರೆ ತಕ್ಕಡಿ ಜೋಲಿ ಹೊಡೆಯುತ್ತದೆ. ಒಂದು ಕ್ಷಣದಲ್ಲಿ ಇಂಥ ಲಕ್ಷ ಬದಲಾವಣೆ ನಡೆಯುವ ಕಡೆ ಆ ಜೋಲಿಯೇ ಬಿರುಕಾಗಿ ಕೇಳುತ್ತದೆ. ಎಲ್ಲಕ್ಕಿಂತ ದೊಡ್ಡ ಕಲ್ಲು ಏಳುವುದು ಬೀಳುವುದು ಅಳತೆಯ ನಟ್ಟನಡುವೆ, ಮೆಲುದನಿಯ ಓಡಾಟವೆಲ್ಲ ಆ ನಡುವಿನ ಆಸುಪಾಸಿನಲ್ಲೇ. ಅದಕ್ಕೇ ಕೂಗಿನಲ್ಲಿ ಮುಚ್ಚಿಹೋಗುವ ಬಿರುಕು ಮೆಲುಮಾತಿನಲ್ಲಿ ಎದ್ದು ಕಾಣುತ್ತದೆ. ಫಕೀರವ್ವ ಹೇಳಿದ್ದೂ ಅಕ್ಷರಕ್ಕೆ ಅಕ್ಷರ ಅದನ್ನೇ.

ಕಸ್ತೂರಿ ದೊಡ್ಡ ಕಲ್ಲನ್ನು ಬಿಚ್ಚಿ, ಸರಿತೂಗಿಸಿ, ಎರಡು ದಿನದ ಮೇಲೆ ಪೆಟ್ಟಿಗೆ ಕೊಟ್ಟಳು. ಬಿರುಕು ಹೋಗಿತ್ತು. ಆ ಎರಡು ದಿನ ಪೆಟ್ಟಿಗೆಯಿಲ್ಲದ ಫಕೀರವ್ವ ಬಾಯಿ ಬಿಟ್ಟಿರಲಿಲ್ಲ, ಗಂಟಲಿಗೆ ವಿಶ್ರಾಂತಿ ಸಿಕ್ಕಿತ್ತು. ಇಷ್ಟು ಸಣ್ಣ ಮಾತು ಇಬ್ಬರು ದೊಡ್ಡ ಜಾಣರ ತಲೆಗೆ ಹೊಳೆಯಲಿಲ್ಲ.

ಎರಡು ತಿಂಗಳಿಗೆ ಬಿರುಕು ಮತ್ತೆ ಬಂತು. ಈ ಸಲ ಕಸ್ತೂರಿಗೆ ಹಟ ಹುಟ್ಟಿತು. ದುಪ್ಪಟ್ಟು ಕಲ್ಲುಗಳ ಸಹವಾಸವೇ ಬೇಡವೆಂದು ಎಲ್ಲವನ್ನೂ ತೆಗೆದು, ಒಂದೇ ತೂಕದ ಸಣ್ಣ ಸಣ್ಣ ಕಲ್ಲುಗಳನ್ನು ಸಾಲಾಗಿ ಕೂರಿಸಿದಳು. ಒಂದೇ ಕಲ್ಲಿನ ಮೇಲೆ ಸದಾ ಕೆಲಸ ಬೀಳದಂತೆ ಸರದಿಯನ್ನು ಕಲಸಿಬಿಟ್ಟಳು. ಹಾಗೆ ಮಾಡಿದರೆ ಯಾವುದೋ ಕಲ್ಲಿನ ಕೊರತೆ ಒಂದೇ ಜಾಗದಲ್ಲಿ ಚುಚ್ಚುವುದಿಲ್ಲ, ಎಲ್ಲ ಕಡೆ ಚದುರಿ ತೆಳ್ಳಗಿನ ಸರಸರ ಸದ್ದಾಗಿ ಹೋಗುತ್ತದೆ. ಆರು ದಿನದ ಕೆಲಸ. ಮುಗಿದ ಮೇಲೆ ಪಟ್ಟಿಯ ಬದಲು ಮೇಜಿನ ಎಣಿಕೆ ಯಂತ್ರದಿಂದ ಅಂಕಿ ಕೊಟ್ಟು ನೋಡಿದಳು. ಗಂಟಲೇ ಇಲ್ಲದ ಪರೀಕ್ಷೆ ಅದು. ದನಿ ಹಾಲಿನ ಹಾಗಿತ್ತು, ಎಲ್ಲೂ ಬಿರುಕಿಲ್ಲ. ಹಳೆಯ ಕಲ್ಲುಗಳನ್ನೂ ಅದೇ ಯಂತ್ರಕ್ಕೆ ಹಚ್ಚಿ ನೋಡಿದಳು. ಅವುಗಳಲ್ಲೂ ಬಿರುಕಿಲ್ಲ.

ಕಸ್ತೂರಿ ಆಗ ಕೈ ನಿಲ್ಲಿಸಿದ್ದಳು. ನನಗೆ ಚೆನ್ನಾಗಿ ನೆನಪಿದೆ. ಹಳೆಯ ಕಲ್ಲುಗಳಲ್ಲೂ ತಪ್ಪಿಲ್ಲವಾದರೆ ಬಿರುಕು ಬಂದದ್ದೆಲ್ಲಿಂದ ಎಂದು ಕೇಳಿದಳು. ಸರಿಯಾದ ಪ್ರಶ್ನೆ. ನಾನು ಎಲೆ ಅಡಿಕೆ ಮೆಲ್ಲುತ್ತ, ಮೇಜಿನ ಯಂತ್ರ ಎತ್ತಿನ ಗಾಡಿ ಇದ್ದ ಹಾಗೆ, ನಿಧಾನಕ್ಕೆ ಎಣಿಸಿದರೆ ಎಲ್ಲ ಪೆಟ್ಟಿಗೆಯೂ ಸಾಧುವೇ, ವೇಗಕ್ಕೆ ಬಿಟ್ಟಾಗ ತಾನೇ ಬಣ್ಣ ಬಯಲಾಗುವುದು ಎಂದೆ. ನಾನು ಹೇಳಿದ್ದು ಸುಳ್ಳಲ್ಲ. ಎಷ್ಟೋ ಪೆಟ್ಟಿಗೆಗಳು ಹಾಗೆಯೇ ಇರುತ್ತವೆ. ಆದರೆ ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳ ಪ್ರಶ್ನೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಅವಳು ತಲೆಯಾಡಿಸಿ ಪೆಟ್ಟಿಗೆಯ ಮುಚ್ಚಳ ಹಾಕಿದಳು.

ನಾಗರ ಪಂಚಮಿ ಮುಗಿದ ವಾರ ಫಕೀರವ್ವ ಮೂರನೆಯ ಸಲ ಬಂದಳು. ಬಿರುಕಿನ ಜೊತೆಗೆ ಈಗ ಮರಳು ಜರಡಿ ಹಿಡಿದಂಥ ಸದ್ದೂ ಸೇರಿತ್ತು. ಅವಳಿಗೆ ತಂಗಿಯ ಮುಂದೆ ಅದನ್ನು ಹೇಳುವುದೇ ಸಂಕೋಚ. ಸಂತೆಯಲ್ಲಿ ಜನ ಕೇಳುತ್ತಾರವ್ವ, ನಿನ್ನ ಹೆಸರು ಕೆಡಬಾರದೆಂದು ಬಂದೆ ಎಂದಳು. ಅವಳು ಹೋದ ಮೇಲೆ ಕಸ್ತೂರಿ ಮೇಜಿನ ಮುಂದೆ ಕೂತು ಅತ್ತಳು. ಊರ ಮಂದಿಯ ದನಿಯೆಲ್ಲ ತಿದ್ದುವ ತನಗೆ ಸಾಕಿದ ಅಕ್ಕನ ದನಿ ತಿದ್ದಲಾಗಲಿಲ್ಲವೆಂದು ಅತ್ತಳು.

ಆಮೇಲೆ ಅವಳು ಮಾಡಿದ್ದು ಬಾಗಿಲು. ಕಲ್ಲುಗಳು ಬದಲಾಗುವ ಆ ಗಳಿಗೆಯಲ್ಲಿ ದನಿಯ ಹಾದಿಗೆ ಒಂದು ಬಾಗಿಲು ಮುಚ್ಚಿಕೊಳ್ಳುತ್ತದೆ. ಜೋಲಿ ನಿಲ್ಲುವವರೆಗೆ ಹಿಂದಿನ ತೂಕವೇ ಹೊರಗೆ ಕೇಳುತ್ತಿರುತ್ತದೆ, ನಿಂತ ಮೇಲೆ ಬಾಗಿಲು ತೆರೆಯುತ್ತದೆ. ಇಷ್ಟು ಬಾಗಿಲು ಬೇರೆ ಊರುಗಳ ಕಸುಬುದಾರರೂ ಮಾಡುತ್ತಾರಂತೆ. ಕಸ್ತೂರಿ ಅದಕ್ಕೆ ಬುದ್ಧಿಯನ್ನೂ ಕೊಟ್ಟಳು. ದನಿ ಸಹಜವಾಗಿ ಜಿಗಿಯುವುದಕ್ಕಿಂತ ಹೆಚ್ಚು ಜಿಗಿದರೆ ಅದು ದನಿಯಲ್ಲ, ಪೆಟ್ಟಿಗೆಯ ತಪ್ಪು ಎಂದು ತಿಳಿದು ಬಾಗಿಲು ಇನ್ನಷ್ಟು ಹೊತ್ತು ಮುಚ್ಚಿಯೇ ಇರುತ್ತಿತ್ತು, ನಡುವಿನ ಸಂದನ್ನು ಹಿಂದುಮುಂದಿನ ದನಿಯಿಂದ ಸವರಿ ತುಂಬುತ್ತಿತ್ತು. ನಾನು ಕೇಳಿ ನೋಡಿದೆ. ಒಂದೆರಡು ಕಡೆ ಬಿರುಕು ಇನ್ನೂ ಇಣುಕುತ್ತಿತ್ತು. ಇನ್ನೊಂದು ಎಳೆ ಬಿಗಿ ಮಾಡು ಎಂದವನು ನಾನೇ. ಅವಳು ಬಿಗಿ ಮಾಡಿದಳು.

ಮುಂದಿನ ಗುರುವಾರದ ಸಂತೆಯಲ್ಲಿ ಫಕೀರವ್ವ ಬಾಯಿ ತೆರೆದಾಗ ಬಾಳೆಹಣ್ಣಿನ ಗಾಡಿಯವನು ಗಾಡಿ ನಿಲ್ಲಿಸಿ ತಿರುಗಿ ನೋಡಿದನಂತೆ. ನಲವತ್ತರ ಹೆಂಗಸಿನ ದನಿ ಇಪ್ಪತ್ತಕ್ಕೆ ಇಳಿದಿತ್ತು. ಫಕೀರವ್ವ ತನ್ನ ದನಿಯನ್ನು ತಾನೇ ಕೇಳಿ, ನಾಚಿ, ಸೆರಗು ಬಾಯಿಗೆ ಹಿಡಿದು ನಕ್ಕಳಂತೆ. ಹದಿನೈದು ದಿನದಲ್ಲಿ ಇನ್ನೂ ಹನ್ನೊಂದು ಮಂದಿ ನಮಗೂ ಅಂಥದೇ ಬಾಗಿಲು ಇಡಿಸಿಕೊಡಿ ಎಂದು ಬಂದರು. ನಾನು ಮೀಸೆ ತಿರುವಿಕೊಂಡು, ಇವಳು ನನ್ನ ಕೈಯಲ್ಲಿ ಕಲಿತವಳು ಎಂದು ಎಲ್ಲರಿಗೂ ಹೇಳಿದೆ.

ಮೂರು ತಿಂಗಳು ಹಾಗೆ ಹೋದವು. ಫಕೀರವ್ವ ಇಳಿದುಹೋಗಿದ್ದಾಳೆಂದು ಯಾರೋ ಅಂದರು. ಕಸ್ತೂರಿ ಕೇಳಿದ್ದಕ್ಕೆ ಹಲ್ಲು ನೋವು, ರೊಟ್ಟಿ ಅಗಿಯಲಾಗದು, ಅಂಬಲಿ ಕುಡಿಯುತ್ತೇನೆ ಎಂದಳು. ಆ ಮಾತನ್ನೂ ಎಂಥ ತುಂಬಿದ ದನಿಯಲ್ಲಿ ಹೇಳಿದಳೆಂದರೆ ರೋಗಿಷ್ಠೆಯೆಂದು ಅನುಮಾನ ಪಡಲು ಯಾರಿಗೂ ಸಾಧ್ಯವಿರಲಿಲ್ಲ. ದನಿ ಗಟ್ಟಿಯಿದ್ದವರು ಗಟ್ಟಿ ಎನ್ನುವುದು ನಮ್ಮೂರಿನ ಲೆಕ್ಕ. ಕಸ್ತೂರಿ ಲವಂಗದ ಎಣ್ಣೆ ಕೊಟ್ಟು ಬಂದಳು.

ದೀಪಾವಳಿಯ ನಂತರದ ಗುರುವಾರ ಸಂತೆಯಲ್ಲಿ ಫಕೀರವ್ವ ಪೆಟ್ಟಿಗೆ ಕಟ್ಟಿಕೊಂಡಿದ್ದ ಸೊಂಟದ ಪಟ್ಟೆ ಹರಿಯಿತು. ಪೆಟ್ಟಿಗೆ ಪಲ್ಲೆ ತೊಳೆಯುವ ಬೋಗಾಣಿಯ ನೀರಿಗೆ ಬಿತ್ತು. ವ್ಯಾಪಾರದ ಹೊತ್ತು. ಪಕ್ಕದಲ್ಲಿ ನಿಂಬೆಹಣ್ಣು ಮಾರುವ ಹುಸೇನಬಿ, ಇವತ್ತೊಂದು ದಿನ ನನ್ನದನ್ನು ನೀನು ಕಟ್ಟಿಕೋ, ನಾನು ಕೈಸನ್ನೆಯಲ್ಲೇ ಮಾರುತ್ತೇನೆ ಎಂದು ಹೇಳಿ ತನ್ನ ಪೆಟ್ಟಿಗೆಯನ್ನೂ ಕೊರಳಪಟ್ಟಿಯನ್ನೂ ಬಿಚ್ಚಿ ಕೊಟ್ಟಳು. ಫಕೀರವ್ವ ತನ್ನ ಪಟ್ಟಿ ಕಳಚಿ, ಅವನ್ನು ಕಟ್ಟಿಕೊಂಡು ಕೂಗಿದಳು. ಸುತ್ತಲಿನವರ ಕೈ ನಿಂತಿತು. ಆ ಪೆಟ್ಟಿಗೆಯಿಂದ ಬಂದದ್ದು ಕೂಗಲ್ಲ, ಹರಿದ ಗೋಣಿಚೀಲ ಎಳೆದಾಡಿದ ಸದ್ದು.

ಅದೇ ಹೊತ್ತಿಗೆ ಕಸ್ತೂರಿ ಅಕ್ಕನನ್ನು ಕಾಣಲು ಬಂದಳು. ನಾನೂ ಜೊತೆಗಿದ್ದೆ, ಮನೆಗೆ ನಿಂಬೆಹಣ್ಣು ಬೇಕಿತ್ತು. ದನಿ ಕೇಳಿದೊಡನೆ ಅವಳಿಗೆ ಬಂದದ್ದು ಸಿಟ್ಟು. ಹುಸೇನಬಿಯನ್ನು ಬೈದಳು. ಇಂಥ ಹಾಳು ಪೆಟ್ಟಿಗೆ ಕಟ್ಟಿಕೊಂಡು ಹೇಗೆ ತಿರುಗುತ್ತೀಯ, ಅಂಗಡಿಗೆ ತಂದು ತೋರಿಸಬಾರದೇ ಎಂದು ಬೈಯುತ್ತಲೇ ನೆಲದ ಮೇಲೆ ಕೂತು, ಸೆರಗಿನ ಗಂಟಿನಿಂದ ಸ್ಕ್ರೂಡ್ರೈವರ್ ತೆಗೆದು ಪೆಟ್ಟಿಗೆ ಬಿಚ್ಚಿದಳು. ಕಲ್ಲುಗಳನ್ನು ಒಂದೊಂದಾಗಿ ನೋಡಿದಳು. ಎಲ್ಲ ಸರಿಯಿದ್ದವು. ಮತ್ತೆ ಮೊದಲಿನಿಂದ ನೋಡಿದಳು. ಮುಚ್ಚಿ, ಪಟ್ಟಿಯ ಸಮೇತ ಹುಸೇನಬಿಗೆ ಕೊಟ್ಟು, ಕಟ್ಟಿಕೊಂಡು ಏನಾದರೂ ಮಾತಾಡು ಎಂದಳು.

"ಏನ್ ಮಾತಾಡಲವಾ, ನನ್ನ ಪೆಟ್ಟಿಗಿಗೆ ಏನಾಗೇತಿ?" ಎಂದಳು ಹುಸೇನಬಿ. ಒಂದೇ ಒಂದು ಬಿರುಕಿಲ್ಲದ ದನಿ.

ನಮ್ಮೂರಿನವರದೊಂದು ಚಾಳಿಯಿದೆ. ಮಾತಾಡುವವರ ಮುಖ ನಾವು ನೋಡುವುದಿಲ್ಲ. ದನಿ ಸೊಂಟದಿಂದ ಬರುವುದರಿಂದ ಕಣ್ಣೂ ಅಲ್ಲಿಗೇ ಹೋಗುತ್ತದೆ. ಕಸ್ತೂರಿಯಂತೂ ಅಕ್ಕನನ್ನು ಕಂಡಾಗಲೆಲ್ಲ ಪೆಟ್ಟಿಗೆಯನ್ನೇ ನೋಡುತ್ತಿದ್ದಳು, ಅದು ಅವಳು ಮಾಡಿದ ಪೆಟ್ಟಿಗೆ. ಅವತ್ತು ಫಕೀರವ್ವನ ಸೊಂಟದಲ್ಲಿ ಏನೂ ಇರಲಿಲ್ಲ. ಕಸ್ತೂರಿ ತಲೆಯೆತ್ತಿದಳು. ಕೊರಳಪಟ್ಟಿ ಇರುತ್ತಿದ್ದ ಜಾಗದಲ್ಲಿ, ಬಲಗಡೆ, ನಿಂಬೆಹಣ್ಣಿನ ಗಾತ್ರದ ಗಂಟು. ಮೇಲೆ ಬತ್ತಿದ ಗಲ್ಲ. ಕಸ್ತೂರಿ ಗಂಟಿನ ಮೇಲೆ ಬೆರಳಿಟ್ಟಳು. ನೋವಾಯಿತೇನೋ, ಫಕೀರವ್ವ ಆ ಕೈಯನ್ನು ಮೆಲ್ಲಗೆ ಸರಿಸಿ, ಪಲ್ಲೆಗೆ ನೀರು ಚಿಮುಕಿಸಲು ಬಾಗಿದಳು.

ದೊಡ್ಡ ದವಾಖಾನೆಯ ಡಾಕ್ಟರು ಒಳಗೆ ನಳಿಕೆ ಇಳಿಸಿ ನೋಡಿದರು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಕಸ್ತೂರಿಯನ್ನು ಹೊರಗೆ ಕರೆದು, ಗಂಟಲಿನ ಗಡ್ಡೆ ಈಗ ಉಸಿರಿನ ಹಾದಿಯವರೆಗೂ ಹಬ್ಬಿದೆ, ಕೊಯ್ದು ಫಲವಿಲ್ಲ ಎಂದರು. ದನಿಯಲ್ಲಿ ಮೊದಲೇ ಒಡಕು ಕಂಡಿರಬೇಕಲ್ಲ, ಆಗಲೇ ಯಾಕೆ ಕರೆತರಲಿಲ್ಲ ಎಂದು ಕೇಳಿದರು. ಬೈಗುಳವಲ್ಲ, ಎಲ್ಲರಿಗೂ ಕೇಳುವ ಪ್ರಶ್ನೆ. ಅಲ್ಲೇ ಗೋಡೆಗೆ ಒರಗಿ ನಿಂತಿದ್ದ ನನಗೂ ಆ ಪ್ರಶ್ನೆ ಕೇಳಿತು.

ಆ ವಾರವಿಡೀ ನಾನು ಉಳಿದ ಹನ್ನೊಂದು ಮನೆಗಳಿಗೆ ಹೋಗಿ ಹನ್ನೊಂದು ಪೆಟ್ಟಿಗೆಗಳ ಬಾಗಿಲು ಕಿತ್ತೆ. ಯಾಕೆಂದು ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಂದಿಬ್ಬರು ಸಿಟ್ಟಾದರು. ಪುಣ್ಯಕ್ಕೆ ಯಾರ ದನಿಯಲ್ಲೂ ಏನೂ ಅಡಗಿರಲಿಲ್ಲ. ಆ ಸುದ್ದಿ ಹೇಳೋಣವೆಂದು ಫಕೀರವ್ವನ ಮನೆಗೆ ಹೋದಾಗ ಕಸ್ತೂರಿ ಪಡಸಾಲೆಯ ಬಿಸಿಲಿನಲ್ಲಿ ನೀರಿಗೆ ಬಿದ್ದ ಪೆಟ್ಟಿಗೆಯನ್ನು ಬಿಚ್ಚಿಟ್ಟುಕೊಂಡು ಕೂತಿದ್ದಳು. ಒಳಗಿನ ಮಂಚದ ಮೇಲಿಂದ ಫಕೀರವ್ವ ಕೈಸನ್ನೆ ಮಾಡಿ, ಬೇಗ ಕೊಡು, ಸಂತೆ ತಪ್ಪುತ್ತದೆ ಎನ್ನುತ್ತಿದ್ದಳು. ರೋಗ ಇಂಥದೆಂದು ಅವಳಿಗೆ ಗೊತ್ತಿತ್ತು. ಎಷ್ಟು ದಿನವೆಂಬುದು ಗೊತ್ತಿರಲಿಲ್ಲ. ಅವಳು ಉಳಿದದ್ದು ಅಲ್ಲಿಂದ ಇಪ್ಪತ್ತೊಂಬತ್ತು ದಿನ.

ಕಸ್ತೂರಿಯ ಅಂಗೈಯಲ್ಲಿ ಬಾಗಿಲಿತ್ತು, ಕಿತ್ತು ಹೊರಗೆ ತೆಗೆದಿದ್ದಳು. ನಾನು ಅವಳ ಪಕ್ಕದಲ್ಲಿ ಕೂತು ಮೆಲುದನಿಯಲ್ಲಿ, ಅದನ್ನು ಮತ್ತೆ ಕೂರಿಸಿಬಿಡವ್ವ, ಇರುವಷ್ಟು ದಿನ ಅವಳು ಒಳ್ಳೆಯ ದನಿಯನ್ನೇ ಕೇಳಲಿ, ಈಗ ತೆಗೆದು ಯಾರಿಗೇನು ಉಪಯೋಗ ಎಂದೆ. ಹನ್ನೆರಡು ವರ್ಷದಲ್ಲಿ ಅವಳು ನನಗೆ ಎದುರು ಮಾತಾಡಿದವಳಲ್ಲ.

"ಕಾಕಾ, ಆಕಿ ಹೇಳಿದ್ದನ್ನ ನಾ ಏಳು ತಿಂಗಳು ಕೇಳೇ ಇಲ್ಲ," ಎಂದಳು. "ಉಳಿದಷ್ಟು ದಿನಾನರೆ ಕೇಳ್ತೇನಿ."

ಬಾಗಿಲಿಲ್ಲದ ಪೆಟ್ಟಿಗೆಯನ್ನು ಒಯ್ದು ಅಕ್ಕನ ಸೊಂಟಕ್ಕೆ ಕಟ್ಟಿದಳು. ಕೊರಳಪಟ್ಟಿಯನ್ನು ಗಂಟಿಗೆ ತಾಗದ ಹಾಗೆ ಸಡಿಲ ಮಾಡಿ ಹಾಕಿದಳು. ಫಕೀರವ್ವ ನನ್ನನ್ನು ನೋಡಿ, ಬರ್ರಿ ಕೂಡ್ರಿ ಎಂದಿರಬೇಕು. ಬಂದದ್ದು ಸಂತೆಯಲ್ಲಿ ಕೇಳಿದ ಅದೇ ಸದ್ದು. ಅವತ್ತು ಅವಳು ಅದನ್ನು ಹುಸೇನಬಿಯ ಪೆಟ್ಟಿಗೆಯ ತಪ್ಪು, ತಂಗಿ ಬಿಚ್ಚಿ ಸರಿಮಾಡಿಕೊಟ್ಟಳು ಎಂದು ತಿಳಿದಿದ್ದಳು. ಇದು ಅವಳದೇ ಪೆಟ್ಟಿಗೆ, ತಂಗಿ ಮಾಡಿದ್ದು. ಅವಳು ಮತ್ತೊಮ್ಮೆ ಅದೇ ಮಾತು ಹೇಳಿ ನೋಡಿದಳು, ಬರ್ರಿ, ಕೂಡ್ರಿ. ಆಮೇಲೆ ಪೆಟ್ಟಿಗೆಯನ್ನು ತಟ್ಟಿ ನೋಡಿ ತಂಗಿಯ ಕಡೆ ತಿರುಗಿದಳು.

ಕಸ್ತೂರಿ ಎಲ್ಲವನ್ನೂ ಹೇಳಿದಳು. ಕಲ್ಲುಗಳಲ್ಲಿ ತಪ್ಪಿರಲಿಲ್ಲ, ಬಾಗಿಲು ಏನು ಮಾಡುತ್ತಿತ್ತು, ಮೂರು ತಿಂಗಳು ಊರು ಕೇಳಿದ ದನಿ ಯಾವುದು, ಯಾವುದನ್ನೂ ಬಿಡಲಿಲ್ಲ. ಹೇಳುವಾಗ ಅಕ್ಕನ ಪೆಟ್ಟಿಗೆಯನ್ನಲ್ಲ, ಮುಖವನ್ನೇ ನೋಡುತ್ತಿದ್ದಳು. ಫಕೀರವ್ವ ನಡುವೆ ಬಾಯಿ ಹಾಕದೆ ಕೇಳಿದಳು. ಅವಳಿಗೆ ಕೋಪ ಬರಲೆಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಬೈದಿದ್ದರೆ ನಮ್ಮಿಬ್ಬರಿಗೂ ಎಷ್ಟೋ ಹಗುರಾಗುತ್ತಿತ್ತು.

"ಹಂಗಾದ್ರ ನನಗ ಗುಣ ಆಗಿರಲೇ ಇಲ್ಲೇನು?" ಎಂದಳು ಫಕೀರವ್ವ.

ಕಸ್ತೂರಿಗೆ ಅರ್ಥವಾಗಲಿಲ್ಲ. ಫಕೀರವ್ವ ಉಸಿರು ಎಳೆದುಕೊಂಡು, ತಡೆದು ತಡೆದು ಹೇಳಿದಳು. ಪಂಚಮಿಯ ಹೊತ್ತಿಗೆ ನುಂಗುವಾಗ ಕೊರಳಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ಯಾರಿಗೂ ಹೇಳದೆ ದೊಡ್ಡ ದವಾಖಾನೆಯಲ್ಲಿ ಚೀಟಿ ಮಾಡಿಸಿದ್ದಳು. ಅವರು ಒಂದು ಶುಕ್ರವಾರ ಬಾ ಎಂದಿದ್ದರು. ಅದರ ಹಿಂದಿನ ಬುಧವಾರವೇ ಕಸ್ತೂರಿ ಬಾಗಿಲು ಕೂರಿಸಿದ ಪೆಟ್ಟಿಗೆ ತಂದು ಕೊಟ್ಟಳು. ಗುರುವಾರ ಸಂತೆಯಲ್ಲಿ ಅಂಥ ದನಿ ಬಂತು.

"ಇಷ್ಟು ಚಲೋ ದನಿ ಬರೂ ಕೊರಳಾಗ ಏನ್ ರೋಗ ಇರ್ತದಂತ ಹೋಗಲೇ ಇಲ್ಲ," ಎಂದಳು.

ಕಸ್ತೂರಿ ಮಂಚದ ಅಂಚಿಗೆ ಹಣೆ ಹಚ್ಚಿ ಕುಸಿದಳು. ಆ ಚೀಟಿಯ ಮಾತು ಒಂದೇ ಒಂದು ಸಲ ನನಗೆ ಯಾಕೆ ಹೇಳಲಿಲ್ಲ ಅಕ್ಕಾ ಎಂದು ಕೇಳಿದಳು, ಮತ್ತೆ ಮತ್ತೆ ಅದನ್ನೇ ಕೇಳಿದಳು. ಫಕೀರವ್ವ ತಂಗಿಯ ತಲೆಯ ಮೇಲೆ ಕೈಯಿಟ್ಟಳು. ಅವಳ ದನಿ ಒಡೆದು ಒಡೆದು ಬರುತ್ತಿತ್ತು. ನಾನು ಒಂದೊಂದು ಬಿರುಕನ್ನೂ ಕಿವಿಗೊಟ್ಟು ಕೇಳಿದೆ.

"ಯಾಕ ಹೇಳಬೇಕಾಗಿತ್ತವಾ? ನೀ ರಿಪೇರಿ ಮಾಡಿ ಕೊಟ್ಟಿದ್ದಿಯಲ್ಲ."